ಬಲಮುರಿ ಕಣದ ಅನ್ವೇಷಣೆ

ಹೆಸರಿಡುವ ಕಷ್ಟ ಹೆತ್ತವರಿಗೆ ಗೊತ್ತು, ಕವಿಗಳಿಗೆ ಗೊತ್ತು. ಭೌತವಿಜ್ಞಾನಿಗಳಿಗೂ ಅದು ತಪ್ಪಿದ್ದಲ್ಲ. ೧೯೩೦ರ ಡಿಸೆಂಬರ್ ೪ರಂದು ವೋಲ್ಫ್‌ಗಾಂಗ್ ಪೌಲಿ ಎಂಬ ತರುಣ ಪ್ರಾಧ್ಯಾಪಕರು ಜೂರಿಕ್ ನಗರದಿಂದ, ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ನೆರೆದ ತಮ್ಮ ಸಹೋದ್ಯೋಗಿಗಳಿಗೆ ಒಂದು ಕಾಗದ ಬರೆದು, ಅದುವರೆಗೆ ಯಾರೂ ಕಾಣದಿದ್ದ ಒಂದು ಕಣವನ್ನು ಕಲ್ಪಿಸಿ, ಅದಕ್ಕೆ ‘ನ್ಯೂಟ್ರಾನ್’ ಎಂದು ಹೆಸರಿಟ್ಟರು. ವಿದ್ಯುದಂಶವಿಲ್ಲದ್ದು, ತಟಸ್ಥವಾದದ್ದು ಎಂದು ಅದರ ಭಾವ. ಆದರೆ ೧೯೩೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಬೇರೆಯೇ ಒಂದು ತಟಸ್ಥ ಕಣವನ್ನು, ಹೆಚ್ಚು ಕಡಿಮೆ ಪ್ರೋಟಾನಿನಷ್ಟೇ ತೂಕದ್ದನ್ನು, ಪ್ರಯೋಗದಿಂದ ತೋರಿಸಿಕೊಟ್ಟಾಗ ಆ ಹೆಸರು ಅದಕ್ಕೆ ಸಂದಿತು. ಪೌಲಿಯವರ ಕಣ ಹೆಸರು ಕಳೆದುಕೊಂಡು ನಿಂತಿತು. ಆಗ ಇಟಲಿಯಲ್ಲಿ ಎನ್ರಿಕೋ ಫೆರ್ಮಿಯವರ ಬಳಗ ಅದನ್ನು ‘ನ್ಯೂಟ್ರಿನೋ’ ಎಂದು ಕರೆಯಿತು. ಇಟಾಲಿಯನ್ ಭಾಷೆಯ ‘ಇನೋ’ ಎಂಬ ಪ್ರತ್ಯಯ ನಮ್ಮ ‘ಕಿರು’, ‘ಮರಿ’ ಎಂಬ ಮಾತುಗಳ ಕೆಲಸ ಮಾಡುತ್ತದೆ. ‘ತಟಸ್ಥದ ಮರಿ’ ಎಂದರೆ ಅರ್ಥ ಸರಿಹೋದೀತು.

ಈ ಲೇಖನದ ವಿಷಯವಾದ ಕಣದ ಹೆಸರಾದರೋ ‘ಹೆವಿ ನ್ಯೂಟ್ರಿನೋ’. ಭಾರವಾದ ಮರಿ! ಅಲಂಕಾರಶಾಸ್ತ್ರ ಓದಿಸುವವನಿಗೆ ಇದು ವಿರೋಧಾಭಾಸದ ಉದಾಹರಣೆಯಂತೆ ಕೇಳುತ್ತದೆ. ಅದರ ಇನ್ನೊಂದು ಹೆಸರು ‘ಸ್ಟೆರೈಲ್ ನ್ಯೂಟ್ರಿನೋ’. ನಿಘಂಟನ್ನು ನಂಬಿ ಇದನ್ನು ‘ಬಂಜೆ ನ್ಯೂಟ್ರಿನೋ’ ಎಂದು ಕನ್ನಡಿಸುವವರುಂಟು. ಅದು ಕೇಳಲು ಸೊಗಸಲ್ಲ, ಅರ್ಥಕ್ಕೂ ಸರಿಯಲ್ಲ. ಉಳಿದ ಕಣಗಳ ಕೊಡುಕೊಳೆಯಲ್ಲಿ ಅದು ಪಾಲುಗೊಳ್ಳುವುದಿಲ್ಲ ಎಂಬುದಷ್ಟೇ ಅಲ್ಲಿನ ಅಭಿಪ್ರಾಯ. ‘ನಿರ್ಲಿಪ್ತ’ ಎಂಬ ಮಾತು ನಮ್ಮಲ್ಲಿರುವಾಗ ಬೇರೆ ಏಕೆ? ಇರಲಿ, ಪ್ರಕೃತ ನಾನು ಅದನ್ನು ಭಾರದ ನ್ಯೂಟ್ರಿನೋ ಎಂದೇ ಕರೆಯುತ್ತೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಅದನ್ನು ಇಂದಿನವರೆಗೆ ಯಾರೂ ನಿಸ್ಸಂದೇಹವಾಗಿ ಕಂಡಿಲ್ಲ.

ಕಾಣದ ಕಣದ ಮೇಲೆ ಕನ್ನಡ ಅಧ್ಯಾಪಕನೊಬ್ಬನು ಲೇಖನ ಬರೆಯುವ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಎರಡು ಕಾರಣಗಳಿವೆ. ಕಾಣದ್ದನ್ನು ಅರಸುವ ಕಸುಬು ನಮ್ಮದೂ ಹೌದು. ರನ್ನನ ‘ಪರಶುರಾಮಚರಿತ’ವನ್ನೂ ‘ಚಕ್ರೇಶ್ವರಚರಿತ’ವನ್ನೂ ಇಂದಿನವರಾರೂ ಓದಿಲ್ಲ, ಹೆಸರು ಮಾತ್ರ ಉಳಿದಿದೆ. ಒಂದನೆಯ ಗುಣವರ್ಮನ ‘ಶೂದ್ರಕ’ದಿಂದ ನಮಗೆ ದೊರೆತಿರುವುದು ಬೇರೆಯವರು ಎತ್ತಿಕೊಂಡ ಬಿಡಿ ಪದ್ಯಗಳು. ಆದರೂ ಅವುಗಳಿಗೆ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ಕೊಟ್ಟು ಪಾಠ ಹೇಳುತ್ತೇವೆ. ಎರಡನೆಯ ಕಾರಣ ಇದಕ್ಕಿಂತ ಹತ್ತಿರದ್ದು. ಈ ಕಥೆಯ ಎರಡು ಮುಖ್ಯ ಪ್ರಕರಣಗಳು ನಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ.

ಪೌಲಿಯವರ ಕಲ್ಪನೆಗೆ ಮೂಲ ಒಂದು ಲೆಕ್ಕದ ತೊಡಕು. ಕೆಲವು ಪರಮಾಣುಗಳ ಬೀಜಕೇಂದ್ರ ತಾನಾಗಿ ಮಾರ್ಪಟ್ಟು ಎಲೆಕ್ಟ್ರಾನೊಂದನ್ನು ಹೊರಗೆ ಎಸೆಯುತ್ತದೆ. ಬೀಜಕೇಂದ್ರ ಪ್ರತಿಬಾರಿಯೂ ಕಳೆದುಕೊಳ್ಳುವ ಶಕ್ತಿ ಒಂದೇ ಮೊತ್ತ. ಆದ್ದರಿಂದ ಎಲೆಕ್ಟ್ರಾನ್ ಪಡೆಯುವುದೂ ಅಷ್ಟೇ ಆಗಬೇಕು. ಹಾಗಾಗುತ್ತಿರಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಸಾಮಾನ್ಯವಾಗಿ ಬಾಕಿ. ನೀಲ್ಸ್ ಬೋರ್ ಅಂಥವರೇ, ಶಕ್ತಿಗೆ ನಾಶವಿಲ್ಲ ಎಂಬ ನಿಯಮವನ್ನು ಇಲ್ಲಿ ಬಿಟ್ಟುಕೊಡಲು ಸಿದ್ಧರಾಗಿದ್ದರು. ಪೌಲಿ ನಿಯಮವನ್ನು ಉಳಿಸಿಕೊಂಡರು. ಬಾಕಿಯನ್ನು ಹೊತ್ತುಕೊಂಡು ಹೋಗುವ, ಯಾವ ಯಂತ್ರಕ್ಕೂ ಸಿಕ್ಕದ ಕಣವೊಂದಿದೆ ಎಂದರು. ಇಷ್ಟು ದೊಡ್ಡ ಮಾತನ್ನು ಹೇಳಲು ಅವರು ಖುದ್ದಾಗಿ ಹೋಗಲಿಲ್ಲ. ಜೂರಿಕ್ಕಿನಲ್ಲಿ ಡಿಸೆಂಬರ್ ೬ರ ರಾತ್ರಿ ನಡೆಯಲಿದ್ದ ನೃತ್ಯಕೂಟವನ್ನು ಬಿಡಲಾಗದೆಂದು ಕಾಗದದಲ್ಲಿ ಕಾರಣ ಕೊಟ್ಟಿದ್ದಾರೆ. ಆ ಕಣ ಪ್ರಯೋಗಕ್ಕೆ ಸಿಕ್ಕಿದ್ದು ೧೯೫೬ರಲ್ಲಿ, ಅಮೆರಿಕದ ದಕ್ಷಿಣ ಕ್ಯಾರೊಲೈನದ ಒಂದು ಅಣುಸ್ಥಾವರದ ಪಕ್ಕದಲ್ಲಿ. ಹಿಡಿದವರು ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್. ಸಿಕ್ಕಲು ಇಷ್ಟು ತಡವಾದದ್ದು ಅದರ ವಿರಳತೆಯಿಂದಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ಒಂದು ಚದರ ಸೆಂಟಿಮೀಟರಿನ ಮೂಲಕ ಒಂದು ಸೆಕೆಂಡಿಗೆ ಸುಮಾರು ೬,೫೦೦ ಕೋಟಿ ಹಾದುಹೋಗುತ್ತವೆ. ಈ ಪುಟ ಹಿಡಿದಿರುವ ನಿಮ್ಮ ಹೆಬ್ಬೆರಳಿನ ಉಗುರಿನಲ್ಲಿ ಈಗ ಅಷ್ಟು ನುಸುಳಿದವು. ಒಂದೂ ನಿಂತು ಮಾತನಾಡಿಸಲಿಲ್ಲ.

ಇನ್ನು ಕೋಲಾರ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಬೂದು ಬಣ್ಣದ ಸೈನೈಡ್ ದಿಬ್ಬಗಳು, ಮುಚ್ಚಿದ ಗಣಿಬಾಯಿಗಳ ಮೇಲೆ ಇನ್ನೂ ನಿಂತಿದ್ದ ಕಬ್ಬಿಣದ ಗೋಪುರಗಳು, ಒಂದರ ಬೆನ್ನಿಗೊಂದು ಆತುಕೊಂಡ ಕಾರ್ಮಿಕರ ಸಾಲುಮನೆಗಳು—ನೋಡುವವನಿಗೆ ಮುಗಿದುಹೋದ ಯುಗವೊಂದರ ಅವಶೇಷ. ಭೂಮಿಯ ಮೇಲೆ ಅಷ್ಟು ಆಳಕ್ಕೆ ಮನುಷ್ಯ ಇಳಿದಿದ್ದ ಸ್ಥಳಗಳು ಬೆರಳೆಣಿಕೆಯಷ್ಟು. ಆ ಆಳವೇ ವಿಜ್ಞಾನಿಗಳನ್ನು ಅಲ್ಲಿಗೆ ಎಳೆಯಿತು.

ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಇವು ಬಂಡೆಯನ್ನು ಎಷ್ಟು ಆಳದವರೆಗೆ ಕೊರೆಯಬಲ್ಲವು ಎಂದು ಅಳೆಯಲು ಹೋಮಿ ಭಾಭಾ ಅವರು ೧೯೫೦ರ ದಶಕದ ಆರಂಭದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದ ತರುಣರನ್ನು ಕೋಲಾರಕ್ಕೆ ಕಳುಹಿಸಿದರು. ಅವರಲ್ಲಿ ಪ್ರಮುಖರು ನಮ್ಮ ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಮುಂದೆ ಆ ಸಂಸ್ಥೆಯ ನಿರ್ದೇಶಕರಾದವರು. ಗಣಿಯ ಒಂದೊಂದು ಮಟ್ಟದಲ್ಲಿಯೂ ಉಪಕರಣವಿಟ್ಟು ಎಣಿಸುತ್ತ ಹೋದಂತೆ ಮ್ಯೂಯಾನುಗಳ ಸಂಖ್ಯೆ ಇಳಿಯುತ್ತ ಹೋಯಿತು. ೧೯೬೦ರ ದಶಕದ ಮೊದಲಲ್ಲಿ ಅತ್ಯಂತ ಆಳದ ಮಟ್ಟದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನೂ ಬರಲಿಲ್ಲ. ಸಾಮಾನ್ಯರಾದರೆ ಇದನ್ನು ವ್ಯರ್ಥಶ್ರಮವೆಂದು ಕೈತೊಳೆದುಕೊಳ್ಳುತ್ತಿದ್ದರು. ಅವರು ಈ ಸೊನ್ನೆಯನ್ನು ಬೇರೆ ಬಗೆಯಲ್ಲಿ ಓದಿದರು. ಮ್ಯೂಯಾನುಗಳ ಗದ್ದಲವೇ ಇಲ್ಲದ ಈ ಸ್ಥಳದಲ್ಲಿ ಯಾವುದಾದರೂ ಸದ್ದಾದರೆ ಅದು ನ್ಯೂಟ್ರಿನೋವಿನದೇ ಆಗಬೇಕಲ್ಲವೆ?

ಹಾಗೆಯೇ ಆಯಿತು. ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ಕಣ ಹಾದರೆ ಮಿಂಚುವ ಪ್ಲಾಸ್ಟಿಕ್ ಹಲಗೆಗಳನ್ನೂ ನಿಯಾನ್ ಕೊಳವೆಗಳನ್ನೂ ಗೋಡೆಯಂತೆ ನಿಲ್ಲಿಸಿದರು. ಮೇಲಿನಿಂದ ಬರುವ ಕಣಕ್ಕೆ ದಾಟಬೇಕಾದ ಬಂಡೆ ಎರಡು ಕಿಲೋಮೀಟರಾದರೆ, ಅಡ್ಡಡ್ಡಲಾಗಿ ಬರುವುದಕ್ಕೆ ಅದರ ಹಲವು ಪಟ್ಟು. ಅಷ್ಟು ಬಂಡೆಯನ್ನು ಯಾವ ಮ್ಯೂಯಾನೂ ದಾಟಲಾರದು. ಆದ್ದರಿಂದ ಅಡ್ಡಲಾಗಿ ಮೂಡಿದ ಗೆರೆ, ನ್ಯೂಟ್ರಿನೋ ಒಂದು ಪಕ್ಕದ ಬಂಡೆಗೆ ತಾಗಿ ಅಲ್ಲಿಯೇ ಹುಟ್ಟಿಸಿದ ಮ್ಯೂಯಾನಿನದು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯ ಮೂವರೂ ಕೂಡಿ ೧೯೬೫ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ, ಕೆಲವೇ ದಿನಗಳ ಅಂತರದಲ್ಲಿ, ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಿಂದ ರೈನ್ಸ್ ಅವರ ತಂಡವೂ ಪ್ರಕಟಿಸಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಮನುಷ್ಯ ಕಂಡದ್ದು ಅದೇ ಮೊದಲು.

ಈ ವಾಯುಮಂಡಲದ ನ್ಯೂಟ್ರಿನೋಗಳೇ ಮುಂದೆ ಭಾರದ ನ್ಯೂಟ್ರಿನೋವಿನ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿದವು. ಜಪಾನಿನ ಕಾಮಿಯೋಕಾ ಗಣಿಯಲ್ಲಿ ೫೦,೦೦೦ ಟನ್ ಶುದ್ಧ ನೀರು ತುಂಬಿದ ತೊಟ್ಟಿಯಿಟ್ಟು ಕಾದವರು, ಭೂಮಿಯನ್ನು ಹಾದು ಕೆಳಗಿನಿಂದ ಬರುವ ಒಂದು ಜಾತಿಯ ನ್ಯೂಟ್ರಿನೋಗಳು ಮೇಲಿನಿಂದ ಬರುವುದಕ್ಕಿಂತ ಬಹಳ ಕಡಿಮೆಯೆಂದು ೧೯೯೮ರಲ್ಲಿ ಸಾರಿದರು. ದಾರಿಯಲ್ಲಿ ಅವು ಜಾತಿ ಬದಲಿಸಿದ್ದವು. ತೂಕವೇ ಇಲ್ಲದ ಕಣ ಹೀಗೆ ಬದಲಾಗಲಾರದು. ಆದ್ದರಿಂದ ನ್ಯೂಟ್ರಿನೋಗೆ ತೂಕವುಂಟು. ಈ ಶೋಧಕ್ಕಾಗಿ ತಕಾಕಿ ಕಾಜಿಟಾ ಅವರಿಗೂ ಕೆನಡಾದ ಆರ್ಥರ್ ಮೆಕ್‌ಡೊನಾಲ್ಡ್ ಅವರಿಗೂ ೨೦೧೫ರ ನೊಬೆಲ್ ಪಾರಿತೋಷಕ ಬಂದಿತು. ತೂಕವಿದೆ ಎಂದಾಯಿತು, ಎಷ್ಟು? ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಅಳೆಯುತ್ತಿರುವವರು ೨೦೨೫ರಲ್ಲಿ ಪ್ರಕಟಿಸಿದಂತೆ ಅದು ೦.೪೫ ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ. ಕಣಗಳ ತೂಕಕ್ಕೆ ಅವರು ಬಳಸುವ ಮಾನ ಅದು. ಎಲೆಕ್ಟ್ರಾನಿನ ತೂಕ ಅದೇ ಮಾನದಲ್ಲಿ ೫,೧೧,೦೦೦. ಹಗುರವೆಂದು ನಾವು ತಿಳಿದ ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಇದು ಹಗುರ. ಇಷ್ಟೇಕೆ ಹಗುರ ಎಂಬುದೇ ಪ್ರಶ್ನೆ.

ಉತ್ತರಕ್ಕೆ ಹೋಗುವ ಮೊದಲು ಶಂಖದ ಮಾತೊಂದನ್ನು ಹೇಳಬೇಕು. ಶಂಖದ ಸುರುಳಿ ಒಂದು ಕಡೆಗೆ ತಿರುಗಿರುವುದು ಸಾಮಾನ್ಯ. ವಿರುದ್ಧ ದಿಕ್ಕಿಗೆ ತಿರುಗಿದ ಬಲಮುರಿ ಶಂಖ ಅತ್ಯಂತ ದುರ್ಲಭ, ಅದಕ್ಕಾಗಿ ಜನ ಹಣ ಸುರಿದು ಮೋಸಹೋಗುವುದೂ ಉಂಟು. ದ್ರವ್ಯದ ಕಣಗಳಿಗೂ ಇಂಥ ಎಡಮುರಿ, ಬಲಮುರಿ ಎಂಬ ಎರಡು ರೂಪಗಳಿವೆ. ಎಲೆಕ್ಟ್ರಾನಿಗೆ ಎರಡೂ ಇವೆ, ಅವೆರಡರ ಹೆಣಿಗೆಯಿಂದಲೇ ಅದಕ್ಕೆ ತೂಕ. ಆದರೆ ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಮಾರಿಸ್ ಗೋಲ್ಡ್‌ಹೇಬರ್ ಮತ್ತು ಸಂಗಡಿಗರು ನ್ಯೂಟ್ರಿನೋ ಎಡಮುರಿಯದೆಂದು ತೋರಿಸಿದರು. ಅಂದಿನಿಂದ ಇಂದಿನವರೆಗೆ ಕಂಡ ನ್ಯೂಟ್ರಿನೋಗಳೆಲ್ಲ ಎಡಮುರಿಯವೇ. ತೂಕವಿರಬೇಕಾದರೆ ಬಲಮುರಿಯ ಜೊತೆಗಾರನೂ ಎಲ್ಲಿಯೋ ಇರಬೇಕೆಂಬುದು ಸಹಜವಾದ ಊಹೆ. ಅದಕ್ಕೆ ವಿದ್ಯುತ್ತಿನ ಸಂಬಂಧವಿಲ್ಲ, ಬೀಜಕೇಂದ್ರವನ್ನು ಹಿಡಿದಿಡುವ ಬಲದ ಸಂಬಂಧವಿಲ್ಲ, ಸಾಮಾನ್ಯ ನ್ಯೂಟ್ರಿನೋ ಅಪರೂಪಕ್ಕೆ ಮಾತನಾಡುವ ಕ್ಷೀಣಬಲದ ಸಂಬಂಧವೂ ಇಲ್ಲ. ಯಾವ ಋಣವೂ ಇಲ್ಲದ ಇಂಥ ಕಣ ತನ್ನದೇ ಆದ ದೊಡ್ಡ ತೂಕವನ್ನು ಹೊಂದಿರಲು ಸಿದ್ಧಾಂತದಲ್ಲಿ ಅಡ್ಡಿಯಿಲ್ಲ.

ಹೊಂದಿದ್ದರೆ ಏನಾಗುತ್ತದೆಂದು ಸ್ವಿಟ್ಜರ್ಲೆಂಡಿನ ಪೀಟರ್ ಮಿಂಕೋವ್ಸ್ಕಿ ೧೯೭೭ರಲ್ಲಿ ಲೆಕ್ಕ ಹಾಕಿದರು. ೧೯೭೯, ೧೯೮೦ರಲ್ಲಿ ಇನ್ನೂ ಹಲವರು ಬೇರೆ ಬೇರೆಯಾಗಿ ಅಲ್ಲಿಗೇ ಬಂದು ಮುಟ್ಟಿದರು. ಅವರಲ್ಲಿ ಒಡಿಶಾದಲ್ಲಿ ಹುಟ್ಟಿದ ರವೀಂದ್ರನಾಥ ಮೊಹಾಪಾತ್ರ ಒಬ್ಬರು. ಮಕ್ಕಳು ಎರಡು ತುದಿಗೆ ಕುಳಿತು ಏರಿಳಿಯುವ ಹಲಗೆಯ ಹೆಸರನ್ನು ಇಂಗ್ಲಿಷಿನವರು ಈ ಸಿದ್ಧಾಂತಕ್ಕೆ ಕೊಟ್ಟಿದ್ದಾರೆ. ನಾನಾದರೆ ಏತ ಎನ್ನುತ್ತೇನೆ. ಏತದ ಒಂದು ತುದಿ ಎಷ್ಟು ಕೆಳಗೆ ಜಗ್ಗುತ್ತದೆಯೋ ಇನ್ನೊಂದು ಅಷ್ಟೇ ಮೇಲೇಳುತ್ತದೆ. ಬಲಮುರಿ ಕಣ ಎಷ್ಟು ಭಾರವೋ ನಮ್ಮ ಎಡಮುರಿ ನ್ಯೂಟ್ರಿನೋ ಅಷ್ಟು ಹಗುರ. ಇದರ ಹಗುರತನವೇ ಅದರ ಭಾರಕ್ಕೆ ಸಾಕ್ಷಿ! ಭಾರ ಎಷ್ಟೆಂಬುದನ್ನು ಮಾತ್ರ ಸಿದ್ಧಾಂತ ಹೇಳದು. ಪ್ರೋಟಾನಿನ ಕೋಟಿ ಕೋಟಿ ಪಟ್ಟು ಇರಬಹುದು. ಆಗ ಅದನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಪ್ರೋಟಾನಿನಷ್ಟೇ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಆಗ ಹುಡುಕುವುದರಲ್ಲಿ ಅರ್ಥವುಂಟು. ಹುಡುಕುವವರಿಗೆ ಇನ್ನೊಂದು ಆಸೆಯೂ ಇದೆ. ಸೃಷ್ಟಿಯ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸರಿಸಮವಾಗಿದ್ದು ಪರಸ್ಪರ ನಾಶವಾಗಿಬಿಟ್ಟಿದ್ದರೆ ಇಂದು ಬರೆಯುವವನೂ ಇರುತ್ತಿರಲಿಲ್ಲ, ಓದುವವರೂ ಇರುತ್ತಿರಲಿಲ್ಲ. ದ್ರವ್ಯ ಒಂದಿಷ್ಟು ಮಿಕ್ಕಿದ್ದು ಹೇಗೆ? ಆಗಿದ್ದ ಭಾರದ ನ್ಯೂಟ್ರಿನೋಗಳು ಅಳಿಯುವಾಗ ತೋರಿದ ಅಲ್ಪ ಪಕ್ಷಪಾತದಿಂದ ಎಂದು ೧೯೮೬ರಲ್ಲಿ ಜಪಾನಿನ ಫುಕುಗಿಟಾ ಮತ್ತು ಯಾನಗಿಡಾ ಸೂಚಿಸಿದರು. ಸಾಧಿತವಾದ ಮಾತಲ್ಲ, ಆದರೆ ಹುಡುಕಾಟ ಕೇವಲ ಕಣಗಳ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವುದಕ್ಕಲ್ಲ ಎಂದು ತಿಳಿಯಲು ಇಷ್ಟು ಸಾಕು.

ಯಾರೊಡನೆಯೂ ಬೆರೆಯದ ಕಣವನ್ನು ಹುಟ್ಟಿಸುವುದು ಹೇಗೆ? ಇಲ್ಲಿ ಒಂದು ಸಣ್ಣ ಬಿರುಕಿದೆ. ಸಾಮಾನ್ಯ ನ್ಯೂಟ್ರಿನೋವಿನಲ್ಲಿ ಭಾರದ್ದರ ಒಂದು ಎಳೆ ಬೆರೆತಿರುತ್ತದೆ. ಆದುದರಿಂದ ಸಾಮಾನ್ಯ ನ್ಯೂಟ್ರಿನೋ ಹುಟ್ಟುವ ಕಡೆಯಲ್ಲೆಲ್ಲ, ಲಕ್ಷಕ್ಕೋ ಕೋಟಿಗೋ ಒಮ್ಮೆ, ಭಾರದ್ದು ಹುಟ್ಟಬೇಕು. ಹೆರುವ ಕಣಕ್ಕೆ ಅಷ್ಟು ಭಾರವನ್ನು ಕೊಡುವ ಶಕ್ತಿ ಇರಬೇಕು, ಅಷ್ಟೆ. ಪೈಯಾನ್ ಎಂಬ ಕಣ ಅಳಿದು ಮ್ಯೂಯಾನ್ ಮತ್ತು ನ್ಯೂಟ್ರಿನೋ ಆಗುತ್ತದೆ. ಅದಕ್ಕಿಂತ ಭಾರವಾದ ಕೇಯಾನೂ ಹಾಗೆಯೇ. ನಿಶ್ಚಲವಾಗಿ ನಿಂತ ಕಣ ಎರಡೇ ಹೋಳಾದಾಗ ಹೋಳುಗಳು ವಿರುದ್ಧ ದಿಕ್ಕಿಗೆ ಗೊತ್ತಾದ ರಭಸದಿಂದಲೇ ಹಾರಬೇಕು. ನ್ಯೂಟ್ರಿನೋ ಭಾರವಾಗಿದ್ದರೆ ಆ ಭಾರಕ್ಕೆ ಶಕ್ತಿ ವ್ಯಯವಾಗಿ ಜೊತೆಯ ಮ್ಯೂಯಾನಿನ ರಭಸ ತಗ್ಗುತ್ತದೆ. ಕಾಣದ್ದನ್ನು ನೋಡಬೇಕಾಗಿಲ್ಲ; ಕಾಣುವುದರ ರಭಸವನ್ನು ಅಳೆದರೆ ಸಾಕು. ರಾಬರ್ಟ್ ಶ್ರಾಕ್ ಎಂಬುವರು ೧೯೮೦ರಲ್ಲಿ ಈ ಉಪಾಯವನ್ನು ವಿವರಿಸಿದರು. ಪೌಲಿ ಹಾಕಿದ ಲೆಕ್ಕವೇ, ಹೊಸ ಖಾತೆಯಲ್ಲಿ.

ಇದೇ ಲೆಕ್ಕದ ಕ್ರಮ ಒಮ್ಮೆ ಎಡವಿಸಿದ್ದೂ ಉಂಟು. ೧೯೮೫ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಜಾನ್ ಸಿಂಪ್ಸನ್ ಟ್ರಿಟಿಯಮ್ ಹೊರಗೆಡಹುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆದು ನಕ್ಷೆ ಬರೆದಾಗ, ನುಣುಪಾಗಿರಬೇಕಾದ ಗೆರೆಯಲ್ಲಿ ಒಂದು ಕೊಂಕು ಕಂಡಿತು. ನೂರರಲ್ಲಿ ಕೆಲವು ಬಾರಿ, ೧೭ ಸಾವಿರ ಎಲೆಕ್ಟ್ರಾನ್ ವೋಲ್ಟ್ ತೂಕದ ನ್ಯೂಟ್ರಿನೋ ಹುಟ್ಟುತ್ತಿದ್ದರೆ ಮೂಡುವಂಥ ಕೊಂಕು. ಎಲೆಕ್ಟ್ರಾನಿನ ಮೂವತ್ತರಲ್ಲೊಂದು ಪಾಲು ತೂಕದ ನ್ಯೂಟ್ರಿನೋ! ಕೆಲವರು ಹುಡುಕಿ ಇಲ್ಲವೆಂದರು. ೧೯೯೧ರಲ್ಲಿ ಆಕ್ಸ್‌ಫರ್ಡಿನಲ್ಲಿ ಗಂಧಕದ ಒಂದು ವಿಕಿರಣರೂಪವನ್ನು ಬಳಸಿ ಅಳೆದ ಹೈಮ್ ಮತ್ತು ಜೆಲ್ಲಿ ಹೌದೆಂದರು. ಬರ್ಕ್ಲಿಯಿಂದಲೂ ಹೌದೆಂಬ ವರದಿ ಬಂತು. ಹೌದು ಎಂದವರದು ಒಂದು ಬಗೆಯ ಉಪಕರಣ, ಅಲ್ಲ ಎಂದವರದು ಬಹುಮಟ್ಟಿಗೆ ಇನ್ನೊಂದು ಬಗೆಯದು. ಇದು ವರ್ಷಗಟ್ಟಲೆ ನಡೆಯಿತು.

ವ್ಯಾಜ್ಯ ತೀರಿದ ಬಗೆ ನನಗೆ ಬಹಳ ಮೆಚ್ಚಿಗೆಯಾದದ್ದು. ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯವರು ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಂಧಕದ ನಕ್ಷೆಯನ್ನು ಅಳೆದು, ಕೊಂಕಿಲ್ಲವೆಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ‘ನಿಮ್ಮ ಕಣ್ಣಿಗೆ ಕಂಡಿಲ್ಲ, ಅಷ್ಟೆ’ ಎಂದು ಎದುರಾಳಿಗಳು ಹೇಳಬಹುದಾಗಿತ್ತು. ಅದಕ್ಕೆ ಅವರು ಗಂಧಕದೊಳಗೆ ಬೇಕೆಂದೇ ನೂರಕ್ಕೆ ಒಂದರಷ್ಟು ವಿಕಿರಣಶೀಲ ಇಂಗಾಲವನ್ನು ಬೆರೆಸಿ ಒಂದು ಕೃತಕ ಕೊಂಕನ್ನು ಮಾಡಿ, ತಮ್ಮ ಉಪಕರಣ ಅದನ್ನು ತಪ್ಪದೆ ಹಿಡಿಯುತ್ತದೆಂದು ತೋರಿಸಿದರು. ತಾವೇ ಬಚ್ಚಿಟ್ಟದ್ದನ್ನು ಕಂಡುಹಿಡಿಯಬಲ್ಲ ಕಣ್ಣು ಇಲ್ಲವೆಂದರೆ ನಂಬಬೇಕು. ಆಕ್ಸ್‌ಫರ್ಡಿನ ಕೊಂಕಿಗೆ ಕಾರಣ ಉಪಕರಣದ ಅಂಚುಗಳಿಗೆ ತಾಗಿ ಚದರಿದ ಎಲೆಕ್ಟ್ರಾನುಗಳು ಎಂದು ಬಿಡಿಸಿ ಹೇಳಿದವರು ಯಾರೆಂದು ಬಲ್ಲಿರಾ? ಅದನ್ನು ಅಳೆದಿದ್ದ ಆಂಡ್ರ್ಯೂ ಹೈಮ್ ಅವರೇ. ತಮ್ಮ ಹೆಸರು ಹೊತ್ತ ಶೋಧವನ್ನು ತಮ್ಮ ಕೈಯಿಂದಲೇ ಅಳಿಸುವುದು ಸುಲಭದ ಕೆಲಸವಲ್ಲ. ಪಾಠಾಂತರಗಳ ಮೇಲೆ ಜೀವಮಾನವಿಡೀ ಹಟ ಸಾಧಿಸಿದ ವಿದ್ವಾಂಸರ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರ ಬೆಲೆ ತಿಳಿಯುತ್ತದೆ.

ಇಲ್ಲ ಎಂಬುದನ್ನೂ ಇವರು ಪ್ರಬಂಧವಾಗಿ ಪ್ರಕಟಿಸುತ್ತಾರೆ. ಜಿನೀವದ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಕೇಯಾನುಗಳನ್ನು ಅಳೆಯುತ್ತಿರುವ ತಂಡವೊಂದು ೨೦೨೦ರಲ್ಲಿ, ಒಂದು ತೂಕದ ಮಿತಿಯೊಳಗೆ ಭಾರದ ನ್ಯೂಟ್ರಿನೋ ಇದ್ದರೂ ಅದರ ಬೆರಕೆ ನೂರು ಕೋಟಿಗೆ ಒಂದೆರಡು ಪಾಲಿಗಿಂತ ಹೆಚ್ಚಿಲ್ಲವೆಂದು ತೋರಿಸಿತು. ಎಲ್ಲಿ ಹುಡುಕಿದೆವು, ಎಷ್ಟು ಸೂಕ್ಷ್ಮವಾಗಿ ಹುಡುಕಿದೆವು, ಎಲ್ಲಿಯವರೆಗೆ ಇಲ್ಲ—ಈ ಮೂರನ್ನೂ ಗೆರೆ ಎಳೆದು ತೋರಿಸಿದ ನಕ್ಷೆ ಅದು. ಮುಂದಿನವನು ಅಲ್ಲಿಂದಾಚೆಗೆ ಹುಡುಕಬಹುದು. ನಮ್ಮ ಸಂಶೋಧನ ಪತ್ರಿಕೆಗಳಲ್ಲಿ ‘ಇಂತಿಂಥ ಭಂಡಾರಗಳ ಓಲೆಗಳನ್ನೆಲ್ಲ ಕಟ್ಟು ಬಿಚ್ಚಿ ನೋಡಿದೆ, ಪರಶುರಾಮಚರಿತ ಅಲ್ಲಿಲ್ಲ’ ಎಂಬ ಲೇಖನವನ್ನು ನಾನು ಕಂಡಿಲ್ಲ. ಅಂಥ ಲೇಖನ ಬರೆದವರಿಗೆ ಯಾವ ವಿಶ್ವವಿದ್ಯಾನಿಲಯ ಪದವಿ ಕೊಟ್ಟೀತೋ ತಿಳಿಯದು. ಆದ್ದರಿಂದ ಒಂದೇ ಭಂಡಾರವನ್ನು ಮೂರು ತಲೆಮಾರಿನವರು ಆಶೆಯಿಂದ ಮೂರು ಸಲ ಬಿಚ್ಚುತ್ತಾರೆ.

ಲೆಕ್ಕ ನೋಡುವುದಲ್ಲದೆ ಇನ್ನೊಂದು ದಾರಿಯೂ ಇದೆ. ಭಾರದ ನ್ಯೂಟ್ರಿನೋ ಚಿರಾಯುವಲ್ಲ. ಅದು ಅಳಿಯುವಾಗ ವಿದ್ಯುದಂಶವುಳ್ಳ ಕಣಗಳು ಹುಟ್ಟಿ ಗೆರೆಗಳನ್ನು ಬಿಡಬೇಕು. ಭಾರ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ. ಬೆರಕೆ ಕಡಿಮೆಯಾದಷ್ಟೂ ಆಯುಸ್ಸು ಹೆಚ್ಚು. ಹೀಗಾಗಿ ಹುಟ್ಟಿದ ಸ್ಥಳದಿಂದ ಒಂದಷ್ಟು ದೂರ ಯಾರಿಗೂ ಕಾಣದೆ ಸಾಗಿ, ಬಯಲಿನಲ್ಲಿ ಒಮ್ಮೆಲೆ ಎರಡು ಗೆರೆಗಳಾಗಿ ಒಡೆಯುವುದು ಅದರ ಗುರುತು. ಸಾಮಾನ್ಯ ನ್ಯೂಟ್ರಿನೋ ಏನಾದರೊಂದು ದ್ರವ್ಯಕ್ಕೆ ತಾಗಿದರಷ್ಟೇ ಗೆರೆ ಮೂಡುತ್ತದೆ; ಏನೂ ಇಲ್ಲದ ಕಡೆ ಗೆರೆ ಮೂಡಿದರೆ ಅದು ತಾನಾಗಿ ಅಳಿದದ್ದು. ಆದಕಾರಣ ಈ ಬೇಟೆಗೆ ಮುಖ್ಯವಾಗಿ ಬೇಕಾದ ಸಾಧನ ಬರಿದಾದ ಅವಕಾಶ. ೧೯೮೪ರಲ್ಲಿ ಸೆರ್ನ್‌ನಲ್ಲಿ ಇದಕ್ಕೆಂದೇ ನಡೆಸಿದ ಪ್ರಯೋಗದಲ್ಲಿ ೧೨ ಮೀಟರ್ ಉದ್ದಕ್ಕೆ ಹೀಲಿಯಮ್ ಅನಿಲ ತುಂಬಿದ ಚೀಲಗಳನ್ನು ಜೋಡಿಸಿದ್ದರು. ಗಾಳಿಯೂ ಅವರಿಗೆ ಅತಿ ದಟ್ಟವೆನಿಸಿತ್ತು. ಭಾರದ ನ್ಯೂಟ್ರಿನೋ ಅಲ್ಲಿ ಸಿಕ್ಕಲಿಲ್ಲ.

ಈಗ ಮತ್ತೆ ಕೋಲಾರದ ಗಣಿಗೆ ಇಳಿಯಬೇಕು. ೧೯೬೫ರ ತರುವಾಯವೂ ಟಾಟಾ ಸಂಸ್ಥೆಯವರೂ ಒಸಾಕಾದವರೂ ಅಲ್ಲಿ ಎಣಿಕೆ ಮುಂದುವರಿಸಿದ್ದರು. ೧೯೭೫ರಲ್ಲಿ ಎಂ. ಆರ್. ಕೃಷ್ಣಸ್ವಾಮಿ, ಎಂ. ಜಿ. ಕೆ. ಮೆನನ್, ವಿ. ಎಸ್. ನರಸಿಂಹಂ ಮೊದಲಾದವರು ಕೆಲವು ವಿಚಿತ್ರ ಘಟನೆಗಳನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಗೆರೆಗಳು ಒಟ್ಟಿಗೆ ಮೂಡಿದ್ದವು. ಅವುಗಳನ್ನು ಹಿಂದಕ್ಕೆ ಎಳೆದು ನೋಡಿದರೆ ಕೂಡುತ್ತಿದ್ದ ಬಿಂದು ಬಂಡೆಯೊಳಗಿರದೆ, ಬಂಡೆಯ ಗೋಡೆಗೂ ಉಪಕರಣಕ್ಕೂ ನಡುವಣ ಗಾಳಿಯಲ್ಲಿತ್ತು. ಗಾಳಿಗೆ ನ್ಯೂಟ್ರಿನೋ ತಾಗುವ ಸಂಭವ ಅತ್ಯಲ್ಪ. ಅದು ಮತ್ತೆ ಮತ್ತೆ ಆಗುವುದಂತೂ ಇಲ್ಲ. ಬಂಡೆಯಲ್ಲಿ ಹುಟ್ಟಿದ ಯಾವುದೋ ಹೊಸ ಕಣ, ಪ್ರೋಟಾನಿನ ಕೆಲವು ಪಟ್ಟು ತೂಕದ್ದು, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲ ಬದುಕಿ ಗಾಳಿಯಲ್ಲಿ ಅಳಿದಿರಬೇಕೆಂದು ಅವರು ಸೂಚಿಸಿದರು. ಅಷ್ಟು ಕಾಲದಲ್ಲಿ ಬೆಳಕು ಹೋಗುವುದು ಒಂದು ಅಡಿ ದೂರ. ಮೇಲೆ ಹೇಳಿದ ಗುರುತನ್ನು ನೆನೆದರೆ ಇದು ಎಷ್ಟು ಹತ್ತಿರದ್ದೆಂದು ವಾಚಕರಿಗೆ ಹೊಳೆಯದಿರದು. ‘ಕೋಲಾರ ಘಟನೆಗಳು’ ಎಂಬ ಹೆಸರಿನಿಂದ ನಮ್ಮ ಊರಿನ ಹೆಸರು ಜಗತ್ತಿನ ಭೌತವಿಜ್ಞಾನ ಪತ್ರಿಕೆಗಳನ್ನು ಹೊಕ್ಕಿತು.

ಬೇರೆ ದೇಶಗಳ ವೇಗವರ್ಧಕಗಳಲ್ಲಿ ಕೂಡಲೇ ಹುಡುಕಿದರು. ಸಿಕ್ಕಲಿಲ್ಲ. ಕೋಲಾರದಲ್ಲಿ ಎಂಬತ್ತರ ದಶಕದಲ್ಲಿಯೂ ಇಂಥ ಘಟನೆ ಕಂಡಿತು. ಆದರೆ ಎಲ್ಲ ಸೇರಿದರೂ ಬೆರಳೆಣಿಕೆ. ಹೌದೆನ್ನಲು ಅಷ್ಟು ಸಾಲದು; ಆರ್ಗಾನಿನವರಂತೆ ಇಲ್ಲವೆಂದು ತೀರ್ಮಾನಿಸುವುದಕ್ಕೆ, ಆ ಗೆರೆಗಳು ಬೇರೆ ಹೇಗೆ ಮೂಡಿದವೆಂದು ಬಿಡಿಸಿ ಹೇಳಿದವರೂ ಇಲ್ಲ. ತೊಂಬತ್ತರ ದಶಕದಲ್ಲಿ ಪ್ರಯೋಗಗಳು ನಿಂತವು. ೨೦೦೧ರಲ್ಲಿ ಗಣಿಯೇ ಮುಚ್ಚಿತು; ಆಳದ ಮಟ್ಟಗಳನ್ನು ನೀರು ತುಂಬಿಕೊಂಡಿತು. ಅದೇ ಕೋಣೆಯಲ್ಲಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಅವಕಾಶ ಇಲ್ಲವಾಯಿತು. ಚಿನ್ನ ತೀರಿದ ಮೇಲೆ ಗಣಿಯನ್ನು ನಡೆಸುವುದು ನಷ್ಟವೆಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಆ ಲೆಕ್ಕದ ಪುಸ್ತಕದಲ್ಲಿ ಈ ಘಟನೆಗಳಿಗೆ ಒಂದು ಸಾಲೂ ಇರಲಿಲ್ಲವಲ್ಲಾ ಎಂಬ ಕೊರಗು ಉಳಿಯುತ್ತದೆ. ೨೦೧೪ರಲ್ಲಿ ಚೆನ್ನೈಯ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಈ ಹಳೆಯ ಕಡತವನ್ನು ಮತ್ತೆ ಬಿಚ್ಚಿ, ಆ ಗೆರೆಗಳು ನ್ಯೂಟ್ರಿನೋವಿನ ಸಂಬಂಧದವಲ್ಲದೆ, ವಿಶ್ವವನ್ನು ತುಂಬಿರುವ ಕಾಣದ ದ್ರವ್ಯದ ಕಣಗಳು ಅಳಿದಾಗ ಮೂಡಿದವಾಗಿರಬಹುದೇ ಎಂದು ಕೇಳಿದ್ದಾರೆ. ಪ್ರಶ್ನೆ ಇನ್ನೂ ತೆರೆದೇ ಇದೆ.

ಹುಡುಕಾಟ ಈಗ ಮುಖ್ಯವಾಗಿ ಸೆರ್ನ್‌ನಲ್ಲಿ ನಡೆಯುತ್ತಿದೆ. ಅಲ್ಲಿನ ದೊಡ್ಡ ವೇಗವರ್ಧಕದಲ್ಲಿ ಪ್ರೋಟಾನಿನ ಎಂಬತ್ತೈದು ಪಟ್ಟು ತೂಕದ ಡಬ್ಲ್ಯೂ ಕಣಗಳು ಅಳಿಯುವಾಗ, ಡಿಕ್ಕಿಯ ಸ್ಥಳದಿಂದ ದೂರ ಸರಿದು ಮೂಡುವ ಗೆರೆಗಳನ್ನು ಎರಡು ತಂಡಗಳು ಅರಸುತ್ತಿವೆ. ಇಷ್ಟರವರೆಗೆ ದೊರೆತದ್ದು ಗೆರೆಗಳಲ್ಲ, ಮೇಲೆ ಹೇಳಿದಂಥ ನಕ್ಷೆಗಳು. ೨೦೨೪ರ ಮಾರ್ಚಿಯಲ್ಲಿ ಆ ಸಂಸ್ಥೆ ಇನ್ನೊಂದು ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿದೆ. ಶಕ್ತಿಶಾಲಿಯಾದ ಪ್ರೋಟಾನುಗಳ ಹೊಳೆಯನ್ನು ಭಾರಲೋಹದ ದಿಂಡಿಗೆ ಹಾಯಿಸಿ, ಅಲ್ಲಿ ಹುಟ್ಟುವ ಮ್ಯೂಯಾನುಗಳನ್ನು ಅಯಸ್ಕಾಂತಗಳಿಂದ ಪಕ್ಕಕ್ಕೆ ತಳ್ಳಿ, ಉಳಿದದ್ದೇನಾದರೂ ಇದ್ದರೆ ಅದು ಸುಮಾರು ೫೦ ಮೀಟರ್ ಉದ್ದದ ಒಂದು ದೊಡ್ಡ ಪಾತ್ರೆಯನ್ನು ಹೊಕ್ಕು ಅಲ್ಲಿ ಅಳಿಯಲೆಂದು ಕಾಯುವುದು ಅದರ ಕ್ರಮ. ಪ್ರಯೋಗ ಆರಂಭವಾಗುವುದು ೨೦೩೦ರ ದಶಕದಲ್ಲಿ. ಆ ಪಾತ್ರೆಯೊಳಗೆ ಹೀಲಿಯಮ್ ಅನಿಲವೊಂದನ್ನುಳಿದು ಬೇರೇನನ್ನೂ ತುಂಬುವುದಿಲ್ಲವಂತೆ.